ಬ್ರೆಜಿಲ್ ದೇಶದ ಮಾಂಸಭೋಜನಶಾಲೆಗಳ ಪೂರ್ವೇತಿಹಾಸ

ನಾಲ್ಕೈದು ವರ್ಷಗಳ ಹಿಂದೆ ನಾವು, ಅಮೆರಿಕಾ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ಟೆಕ್ಸಾಸ್ ಪ್ರಾಂತದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿ ಕೆಲವು ತಿಂಗಳು ಇದ್ದೆವು. ಅಲ್ಲಿ ಒಂದು ದಿನ ಮಗನ ಮಿತ್ರರು ಏರ್ಪಡಿಸಿದ್ದ ಔತಣಕ್ಕೆ, ಒಲ್ಲೆವೆಂದರೂ ಬಿಡದೆ, ನಮ್ಮನ್ನೂ ಕರೆದೊಯ್ದರು. ಅದು ಬ್ರೆಜಿಲ್ ದೇಶದ ಪದ್ಧತಿಯಂತೆ ನಡೆಯತಕ್ಕ ಮಾಂಸಭೋಜನಶಾಲೆ. ನಾವಾದರೋ ಹುಟ್ಟಿದಂದಿನಿಂದ ಸಸ್ಯಾಹಾರಿಗಳು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಕ್ಕೆ ಮಿಕ್ಕಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಇಂಥವರಿಗೆ ಅಂಥ ಸ್ಥಳದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ನಾವೂ ಸಂಕೋಚದಿಂದಲೇ ಒಳಹೊಕ್ಕೆವು. ಅನ್ನ, ಕಾಯಿಪಲ್ಲೆ, ಹಣ್ಣುಗಳನ್ನು ಉದ್ದವಾದ ಮೇಜೊಂದರ ಮೇಲೆ ಅಣಿಗೊಳಿಸಿದ್ದುದರಿಂದ ಉಪವಾಸ ಬೀಳಲಿಲ್ಲ. ಆದರೆ ಆ ದಿನ ಅಲ್ಲಿ ಕಂಡ ಒಂದು ಚಿಕ್ಕ ವಸ್ತುವು ಮನಸ್ಸಿನಲ್ಲಿ ನಾಟಿ, ಇಷ್ಟು ಕಾಲವಾದರೂ ಬಿಡದೆ, ಈ ಲೇಖನಕ್ಕೆ ಕಾರಣವಾಗಿರುವುದು.

ಪ್ರತಿಯೊಬ್ಬರ ತಟ್ಟೆಯ ಮಗ್ಗುಲಿಗೂ ಅಂಗೈಯಗಲದ ರಟ್ಟಿನ ಬಿಲ್ಲೆಯೊಂದನ್ನು ಇಟ್ಟಿದ್ದರು. ಅದರ ಒಂದು ಮುಖ ಹಸುರು, ಇನ್ನೊಂದು ಮುಖ ಕೆಂಪು. “ತಾತ, ಹಸುರು ಮೇಲಿದ್ದರೆ ತರುತ್ತಲೇ ಇರುತ್ತಾರೆ, ಕೆಂಪು ಮಾಡಿದರೆ ನಿಲ್ಲಿಸುತ್ತಾರೆ” ಎಂದು ಮೊಮ್ಮಗನು ತಿಳಿಸಿದನು. ಅಷ್ಟರಲ್ಲಿಯೇ ಅಗಲವಾದ ಷರಾಯಿ, ಎತ್ತರದ ಪಾದರಕ್ಷೆ, ಕೊರಳಿಗೆ ಕಟ್ಟಿದ ವಸ್ತ್ರ—ಈ ವೇಷದ ಪರಿಚಾರಕರು, ತೋಳುದ್ದದ ಕಬ್ಬಿಣದ ಸಲಾಕಿಗಳಲ್ಲಿ ಸುಟ್ಟ ಮಾಂಸವನ್ನು ಪೋಣಿಸಿಕೊಂಡು, ಒಬ್ಬರ ಹಿಂದೊಬ್ಬರು ಮೇಜಿನಿಂದ ಮೇಜಿಗೆ ಸುತ್ತತೊಡಗಿದರು. ಹಸುರು ಬಿಲ್ಲೆ ಕಂಡಲ್ಲಿ ನಿಂತು ತೆಳ್ಳಗೆ ಕತ್ತರಿಸಿ ಬಡಿಸುವರು. ಕೆಂಪನ್ನು ಕಂಡಲ್ಲಿ ಮುಂದಕ್ಕೆ ಸಾಗುವರು. ಎಷ್ಟು ತಿಂದರೂ ಒಂದೇ ಕ್ರಯ.

ಇದನ್ನು ನೋಡಿದೊಡನೆ ನಮಗೆ ನೆನಪಾದುದು ನಮ್ಮ ಸಂತರ್ಪಣೆಯ ಪಂಕ್ತಿ. ಅಲ್ಲಿ ಸಲಾಕಿ, ಇಲ್ಲಿ ಸೌಟು. ಅಲ್ಲಿ ಬಿಲ್ಲೆ, ಇಲ್ಲಿ ಎಲೆಯ ಮೇಲೆ ಅಡ್ಡ ಹಿಡಿದ ಕೈ. ಉಳಿದ ಕ್ರಮವೆಲ್ಲ ಒಂದೇ. ಈ ಬಗೆಯ ಊಟಕ್ಕೆ ಬ್ರೆಜಿಲಿನವರು ‘ರೊಡೀಸಿಯೊ’ ಎನ್ನುವರು. ಪೋರ್ತುಗೀಸ್ ಭಾಷೆಯಲ್ಲಿ ಈ ಶಬ್ದಕ್ಕೆ ಸರದಿ, ಸುತ್ತು ಎಂದರ್ಥ. ಇದರ ಮೂಲವು ಚಕ್ರವಾಚಕವಾದ ಲ್ಯಾಟಿನ್ ಭಾಷೆಯ ‘ರೋಟಾ’ ಶಬ್ದ. ಆ ‘ರೋಟಾ’ ಶಬ್ದವೂ ನಮ್ಮ ‘ರಥ’ ಶಬ್ದವೂ ಒಂದೇ ಕುಲದವೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ನಮ್ಮಲ್ಲಿ ಬಡಿಸುವುದಕ್ಕೆ ಪರಿವೇಷಣವೆಂದು ಹೆಸರು. ಅದರಲ್ಲಿಯೂ ‘ಪರಿ’ ಎಂಬ ಉಪಸರ್ಗವು ಸುತ್ತುವುದನ್ನೇ ಸೂಚಿಸುವುದು.

ಊರಿಗೆ ಬಂದ ಮೇಲೆ ಈ ಊಟದ ಹುಟ್ಟನ್ನು ತಿಳಿಯಬೇಕೆಂಬ ಕುತೂಹಲದಿಂದ ದೊರೆತ ಗ್ರಂಥಗಳನ್ನೆಲ್ಲ ಓದಿದೆವು. ಮಾಂಸಾಹಾರದ ಗುಣದೋಷವಿಚಾರವು ಇಲ್ಲಿ ಪ್ರಕೃತವಲ್ಲ. ‘ಬೇಕಾದಷ್ಟು’ ಎಂಬ ಮಾತಿನ ಹಿಂದೆ ಯಾವ ಚರಿತ್ರೆಯಿದೆ, ಆ ಸಮೃದ್ಧಿಯ ಬೆಲೆಯನ್ನು ಯಾವ ಯಾವ ಕಾಲದಲ್ಲಿ ಯಾರು ತೆತ್ತರು ಎಂಬಿಷ್ಟನ್ನೇ ವಿವರಿಸುವುದು ನಮ್ಮ ಉದ್ದೇಶ.

ಬ್ರೆಜಿಲ್ ದೇಶದ ದಕ್ಷಿಣದ ತುತ್ತತುದಿಯಲ್ಲಿ ರಿಯೊ ಗ್ರಾಂಡೆ ದೊ ಸುಲ್ ಎಂಬ ಪ್ರಾಂತವಿದೆ. ಅದರ ದಕ್ಷಿಣಾರ್ಧವು ‘ಪಾಂಪಾ’ ಎಂಬ ವಿಶಾಲವಾದ ಹುಲ್ಲುಗಾವಲು. ಅದೇ ಬಯಲು ಉರುಗ್ವೆ, ಆರ್ಜೆಂಟೀನಾ ದೇಶಗಳಲ್ಲಿಯೂ ಹಬ್ಬಿರುವುದು. ಅಮೆರಿಕಾ ಖಂಡಗಳಲ್ಲಿ ಮೊದಲು ದನಗಳಿರಲಿಲ್ಲ. ಯೂರೋಪಿನವರು ಹಡಗುಗಳಲ್ಲಿ ತಂದರು. ಈ ಪ್ರಾಂತದಲ್ಲಿ ಕ್ರೈಸ್ತಮತಪ್ರಸಾರಕ್ಕೆ ಬಂದ ಜೆಸೂಯಿಟ್ ಪಾದ್ರಿಗಳು ಗ್ವಾರನಿ ಜನಗಳಿಗಾಗಿ ನೆಲೆಗಳನ್ನು ಸ್ಥಾಪಿಸಿ, ೧೬೩೪ನೆಯ ಇಸವಿಯಲ್ಲಿ ಅಲ್ಲಿಗೆ ದನಗಳನ್ನು ಹೊಡೆದುಕೊಂಡು ಬಂದರು. ಕೆಲವೇ ವರ್ಷಗಳಲ್ಲಿ, ಗುಲಾಮರನ್ನು ಹಿಡಿಯಲು ಸಾಂವ್ ಪಾವುಲೊ ಕಡೆಯಿಂದ ಬಂದ ದಂಡುಗಳ ಹಾವಳಿಯಿಂದ ಆ ನೆಲೆಗಳು ಪಾಳುಬಿದ್ದವು. ಜನರು ನದಿಯಾಚೆಗೆ ಓಡಿದರು. ದನಗಳು ಮಾತ್ರ ಹುಲ್ಲುಗಾವಲಿನಲ್ಲಿಯೇ ಉಳಿದವು. ಒಡೆಯರಿಲ್ಲದ ಆ ಮಂದೆಗಳು ಹೆಚ್ಚಿ ಹೆಚ್ಚಿ ಕಾಡುದನಗಳಾಗಿ ಬಯಲೆಲ್ಲ ತುಂಬಿದವು.

ಆ ಕಾಲದಲ್ಲಿ ದನದ ಬೆಲೆಯೆಂದರೆ ಚರ್ಮದ ಬೆಲೆ. ಚರ್ಮವು ಕೆಡದೆ ಹಡಗಿನಲ್ಲಿ ಯೂರೋಪಿಗೆ ಹೋಗುತ್ತಿತ್ತು. ಮಾಂಸವನ್ನು ಸಾಗಿಸುವ ಉಪಾಯವಿರಲಿಲ್ಲ. ಆದಕಾರಣ ಬೇಟೆಗಾರರು ಕುದುರೆಯೇರಿ ಮಂದೆಯನ್ನು ಅಟ್ಟಿ ಕೆಡವಿ, ಚರ್ಮವನ್ನೂ ಕೊಬ್ಬನ್ನೂ ತೆಗೆದುಕೊಂಡು, ತಮಗೆ ಬೇಕಾದಷ್ಟು ಮಾಂಸವನ್ನು ಕೊಯ್ದು, ಮಿಕ್ಕುದನ್ನು ಹದ್ದುಗಳಿಗೆ ಬಿಟ್ಟು ಹೋಗುತ್ತಿದ್ದರು. ಮಿತಿಯಿಲ್ಲದ ಮಾಂಸಭೋಜನದ ಮೊದಲನೆಯ ಹುಟ್ಟು ಇದು. ಅದು ಔದಾರ್ಯದಿಂದ ಹುಟ್ಟಿದುದಲ್ಲ, ಐಶ್ವರ್ಯದಿಂದಲೂ ಅಲ್ಲ. ಮಾರಲಾಗದ ಪದಾರ್ಥವು ರಾಶಿ ಬಿದ್ದಿತ್ತಾದುದರಿಂದ ಹುಟ್ಟಿದುದು. ಅಡಿಗೆಯ ರೀತಿಯೂ ಅದಕ್ಕೆ ತಕ್ಕಂತೆಯೇ ಇತ್ತು. ನೆಲದಲ್ಲಿ ಗುಳಿ ತೋಡಿ ಕಟ್ಟಿಗೆಯುರಿಸಿ, ಮಾಂಸವನ್ನು ಚೂಪುಮಾಡಿದ ಗೂಟಗಳಿಗೆ ಸಿಕ್ಕಿಸಿ, ಕೆಂಡದ ಸುತ್ತಲೂ ಓರೆಯಾಗಿ ನೆಡುವುದು. ಹರಳುಪ್ಪೊಂದನ್ನುಳಿದು ಬೇರೆ ಸಂಬಾರವಿಲ್ಲ. ಬೆಂದಷ್ಟನ್ನು ಸೊಂಟದ ಚೂರಿಯಿಂದ ಕೊಯ್ದು ತಿನ್ನುವುದು. ಇದಕ್ಕೆ ‘ಶುರಾಸ್ಕೊ’ ಎಂದು ಹೆಸರು. ಊಟದ ಹಿಂದೆ ಮುಂದೆ ‘ಮಾಟೆ’ ಎಂಬ ಎಲೆಯ ಬಿಸಿ ಕಷಾಯ. ಒಂದೇ ಸೋರೆಬುರುಡೆ, ಒಂದೇ ಲೋಹದ ಕೊಳವೆ; ಬೆಂಕಿಯ ಸುತ್ತ ಕುಳಿತವರ ಕೈಯಿಂದ ಕೈಗೆ ಸುತ್ತು ಹೋಗುವುದು. ಈ ಕುದುರೆಸವಾರರಾದ ಗೋವಳರಿಗೆ ‘ಗೌಶೊ’ಗಳೆಂದು ಹೆಸರು ಬಂದಿತು. ಮೊದಮೊದಲು ಅದು ಅಲೆಮಾರಿ, ದನಗಳ್ಳ ಎಂಬ ಅರ್ಥದ ಬೈಗುಳವಾಗಿದ್ದಿತು. ಈಗ ಆ ಪ್ರಾಂತದವರೆಲ್ಲರೂ ತಮ್ಮನ್ನು ಅದೇ ಹೆಸರಿನಿಂದ ಹೆಮ್ಮೆಯಾಗಿ ಕರೆದುಕೊಳ್ಳುವರು.

ಎರಡನೆಯ ಘಟ್ಟವು ಉಪ್ಪಿನಿಂದ ಆರಂಭವಾಗುವುದು. ಬ್ರೆಜಿಲಿನ ಈಶಾನ್ಯದಲ್ಲಿರುವ ಸಿಯಾರಾ ಪ್ರಾಂತದವರು ಮಾಂಸವನ್ನು ಉಪ್ಪು ಸವರಿ ಬಿಸಿಲಿನಲ್ಲಿ ಒಣಗಿಸಿ ಮಾರುತ್ತಿದ್ದರು. ೧೭೭೭ರಿಂದ ಅಲ್ಲಿ ಘೋರವಾದ ಕ್ಷಾಮ ಬಂದು ದನಗಳು ಸತ್ತವು. ಆಗ ಅಲ್ಲಿಂದ ಹೊರಟ ಜೊಸೆ ಪಿಂಟೊ ಮಾರ್ಟಿನ್ಸ್ ಎಂಬ ಪೋರ್ತುಗೀಸನು ೧೭೮೦ರಲ್ಲಿ ದಕ್ಷಿಣದ ಪೆಲೋಟಾಸ್ ಹಳ್ಳದ ದಡದಲ್ಲಿ ಉಪ್ಪುಮಾಂಸದ ಕಾರ್ಖಾನೆಯನ್ನು ಸ್ಥಾಪಿಸಿದನು. ಹತ್ತಿರದಲ್ಲಿಯೇ ಬಂದರು, ಹಿಂದೆ ಮಿತಿಯಿಲ್ಲದ ಮಂದೆಗಳು. ನೋಡನೋಡುತ್ತಿರುವಂತೆ ಆ ಹಳ್ಳದ ಉದ್ದಕ್ಕೂ ಇಂಥ ಕಾರ್ಖಾನೆಗಳು ಎದ್ದವು. ಪೆಲೋಟಾಸ್ ಎಂಬುದು ಸಿರಿವಂತರ ಪಟ್ಟಣವಾಯಿತು. ಇದುವರೆಗೆ ಹದ್ದಿನ ಪಾಲಾಗುತ್ತಿದ್ದ ಮಾಂಸಕ್ಕೆ ಈಗ ಬೆಲೆ ಬಂದಿತು.

‘ಶಾರ್ಕಿ’ ಎಂಬ ಹೆಸರಿನ ಈ ಒಣಮಾಂಸವನ್ನು ತಿಂದವರು ಯಾರು? ಉತ್ತರದ ಕಬ್ಬಿನ ತೋಟಗಳಲ್ಲಿಯೂ ಕಾಫಿಯ ತೋಟಗಳಲ್ಲಿಯೂ ದುಡಿಯುತ್ತಿದ್ದ ಆಫ್ರಿಕಾದ ಗುಲಾಮರು. ಅದನ್ನು ಮಾಡಿದವರು ಯಾರು? ಅವರೂ ಗುಲಾಮರೇ. ಗುಲಾಮರ ವ್ಯಾಪಾರವು ನಡೆದ ಮೂರು ಶತಮಾನಗಳಲ್ಲಿ ಸುಮಾರು ೪೮ ಲಕ್ಷ ಮಂದಿ ಆಫ್ರಿಕರು ಬ್ರೆಜಿಲ್ ದೇಶದ ದಡಗಳಲ್ಲಿ ಇಳಿಸಲ್ಪಟ್ಟರೆಂದು ಚರಿತ್ರಕಾರರು ಲೆಕ್ಕ ಹಾಕಿರುವರು. ಅವರಲ್ಲಿ ದಕ್ಷಿಣದ ಉಪ್ಪುಮಾಂಸದ ಕಾರ್ಖಾನೆಗಳಿಗೆ ಮಾರಲ್ಪಟ್ಟವರ ಪಾಡು ಅತ್ಯಂತ ಕಠಿಣವೆಂದು ಪ್ರಸಿದ್ಧಿಯಿತ್ತು. ರಕ್ತ, ಉಪ್ಪು, ದುರ್ಗಂಧ, ಬಿಸಿಲು—ಇವುಗಳ ನಡುವೆ ಹಗಲಿರುಳು ಕೆಲಸ. ಉಪ್ಪು ನೀರು ತಗುಲಿ ಕೈಕಾಲುಗಳ ಗಾಯಗಳು ಮಾಯುತ್ತಿರಲಿಲ್ಲ.

ಈ ಸಂದರ್ಭದಲ್ಲಿ ಫ್ರಾನ್ಸ್ ದೇಶದ ಸಸ್ಯಶಾಸ್ತ್ರಜ್ಞನಾದ ಆಗುಸ್ಟ್ ದ ಸೇಂಟ್ ಇಲೇರ್ ಎಂಬವನು ಬರೆದಿಟ್ಟಿರುವುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆತನು ೧೮೨೦–೨೧ರಲ್ಲಿ ಈ ಪ್ರಾಂತವನ್ನೆಲ್ಲ ಸಂಚರಿಸಿದನು. ಪೆಲೋಟಾಸಿನ ಬಳಿ ಒಂದು ಕಾರ್ಖಾನೆಯ ಯಜಮಾನನ ಮನೆಯಲ್ಲಿ ಅತಿಥಿಯಾಗಿದ್ದನು. ಯಜಮಾನನು ಸುಸಂಸ್ಕೃತನು, ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಬಲ್ಲವನು. ಆ ಮನೆಯ ನಡುಮನೆಯಲ್ಲಿ ಹತ್ತು ಹನ್ನೆರಡು ವಯಸ್ಸಿನ ನೀಗ್ರೊ ಬಾಲಕನೊಬ್ಬನು ಸದಾ ನಿಂತಿರುತ್ತಿದ್ದನು. ಬೇರೆ ಆಳುಗಳನ್ನು ಕೂಗುವುದು, ಕೇಳಿದವರಿಗೆ ನೀರು ತಂದುಕೊಡುವುದು, ಇಂಥ ಚಿಲ್ಲರೆ ಸೇವೆಗಾಗಿ ಅವನನ್ನು ಅಲ್ಲಿ ನಿಲ್ಲಿಸಿದ್ದರು. ಅವನು ಕುಳಿತುದನ್ನಾಗಲಿ ನಕ್ಕುದನ್ನಾಗಲಿ ತಾನು ಕಾಣಲಿಲ್ಲವೆಂದೂ, ಅವನಿಗಿಂತ ದುಃಖಿಯಾದ ಪ್ರಾಣಿಯನ್ನು ತಾನರಿಯೆನೆಂದೂ ಸೇಂಟ್ ಇಲೇರನು ಬರೆಯುತ್ತಾನೆ. ಊಟಕ್ಕೆ ಮಿತಿಯಿಲ್ಲದ ಮನೆಯದು. ಮೇಜಿನ ಸುತ್ತ ಕುಳಿತವರಿಗೆ ಬೇಕುಬೇಡವೆನ್ನುವ ಸ್ವಾತಂತ್ರ್ಯವಿತ್ತು. ಮೂಲೆಯಲ್ಲಿ ನಿಂತವನಿಗೆ ಆ ಎರಡು ಮಾತುಗಳೂ ಇರಲಿಲ್ಲ.

ಇದನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆವು. ಕಾರಣವನ್ನು ಮುಂದೆ ಅರಿಕೆ ಮಾಡುವೆವು.

ಉಪ್ಪುಮಾಂಸವೇ ಆ ಪ್ರಾಂತದ ರಾಜಕೀಯವೂ ಆಯಿತು. ತಮ್ಮ ಸರಕಿನ ಮೇಲೂ ತಾವು ಕೊಳ್ಳುವ ಉಪ್ಪಿನ ಮೇಲೂ ಸುಂಕ ಹೇರಿ, ನೆರೆರಾಜ್ಯಗಳ ಶಾರ್ಕಿಯನ್ನು ಅಗ್ಗವಾಗಿ ಒಳಬಿಡುವುದು ಅನ್ಯಾಯವೆಂದು ದಕ್ಷಿಣದ ದನದೊಡೆಯರು ಚಕ್ರಾಧಿಪತ್ಯದ ಮೇಲೆ ದಂಗೆಯೆದ್ದರು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ೧೮೩೫ರ ಸೆಪ್ಟೆಂಬರ್ ೨೦ರಂದು ಆರಂಭವಾದ ಈ ಯುದ್ಧವು ೧೮೪೫ರ ಮಾರ್ಚಿಯವರೆಗೆ ನಡೆದು ಸಂಧಿಯಲ್ಲಿ ಮುಗಿಯಿತು. ‘ಚಿಂದಿಯುಟ್ಟವರ ಯುದ್ಧ’ವೆಂದು ಅದಕ್ಕೆ ಹೆಸರು. ೧೮೮೮ರ ಮೇ ೧೩ರಂದು ಬ್ರೆಜಿಲಿನಲ್ಲಿ ದಾಸ್ಯವು ಶಾಸನದಿಂದ ರದ್ದಾಯಿತು. ಅಮೆರಿಕಾ ಖಂಡಗಳ ದೇಶಗಳಲ್ಲೆಲ್ಲ ಇದೇ ಕಡೆಯದು. ತರುವಾಯ ಮಾಂಸವನ್ನು ಮಂಜಿನಲ್ಲಿರಿಸಿ ಸಾಗಿಸುವ ಯಂತ್ರಗಳು ಬಂದು ಉಪ್ಪುಮಾಂಸದ ಕಾರ್ಖಾನೆಗಳು ಮುಚ್ಚಿಹೋದವು. ಒಂದು ವಿಚಿತ್ರವನ್ನು ಮಾತ್ರ ಹೇಳಬೇಕು. ಶಾರ್ಕಿಯನ್ನು ಉತ್ತರಕ್ಕೆ ಒಯ್ದ ಹಡಗುಗಳು ಹಿಂದಿರುಗುವಾಗ ಸಕ್ಕರೆಯನ್ನು ತುಂಬಿ ತರುತ್ತಿದ್ದವು. ಆದುದರಿಂದ ಅದೇ ಪೆಲೋಟಾಸ್ ಇಂದು ಬ್ರೆಜಿಲಿನಲ್ಲಿ ಸಿಹಿತಿಂಡಿಗಳ ಊರೆಂದು ಖ್ಯಾತವಾಗಿದೆ!

ಇನ್ನು ಮೂರನೆಯ ಘಟ್ಟ. ೧೮೨೪ರಿಂದ ಜರ್ಮನರೂ, ೧೮೭೫ರಿಂದ ಇಟಲಿಯವರೂ ಈ ಪ್ರಾಂತದ ಬೆಟ್ಟಸೀಮೆಗೆ ವಲಸೆ ಬಂದು ನೆಲೆಸಿದರು. ಅವರ ಮಕ್ಕಳು ಮೊಮ್ಮಕ್ಕಳು ಗೌಶೊಗಳ ಬಯಲಿನ ಊಟವನ್ನು ಕಲಿತು, ಅದನ್ನು ಅಂಗಡಿಯ ವ್ಯಾಪಾರವಾಗಿ ಮಾರ್ಪಡಿಸಿದರು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ದಕ್ಷಿಣವನ್ನು ಸಾಂವ್ ಪಾವುಲೊ ನಗರಕ್ಕೆ ಸೇರಿಸುವ ಹೆದ್ದಾರಿ ಸಿದ್ಧವಾಯಿತು. ಲಾರಿಗಳ ಸಂಚಾರ ಹೆಚ್ಚಿತು. ಹಸಿದು ಬಂದು, ಬೇಗ ಉಂಡು, ಬೇಗ ಹೊರಡಬೇಕಾದ ಚಾಲಕರಿಗಾಗಿ ದಾರಿಯ ಬದಿಯಲ್ಲಿ ಮಾಂಸದೂಟದ ಮನೆಗಳು ಎದ್ದವು.

ಸುತ್ತು ಬಡಿಸುವ ರೊಡೀಸಿಯೊ ಪದ್ಧತಿಯು ಇವುಗಳಲ್ಲಿಯೇ ಹುಟ್ಟಿತೆಂಬುದರಲ್ಲಿ ಎಲ್ಲರೂ ಏಕಾಭಿಪ್ರಾಯರು. ಯಾವ ಮನೆಯಲ್ಲಿ ಎಂಬುದರಲ್ಲಿ ವಿವಾದವುಂಟು. ೧೯೬೦ರ ದಶಕದಲ್ಲಿ ಹೆದ್ದಾರಿಯ ಮೇಲಿನ ಜಕುಪಿರಂಗಾ ಎಂಬ ಊರಿನ ಅಂಗಡಿಯಲ್ಲಿ ಒಂದು ಹಬ್ಬದ ದಿನ ಜನಸಂದಣಿಯಾಗಿ, ಪರಿಚಾರಕನು ಒಬ್ಬರು ಕೇಳಿದುದನ್ನು ಇನ್ನೊಬ್ಬರಿಗೆ ಕೊಟ್ಟು ಗೊಂದಲವೆದ್ದಾಗ, ಯಜಮಾನನು ಬೇಸತ್ತು, ಎಲ್ಲ ಸಲಾಕಿಗಳನ್ನೂ ಎಲ್ಲ ಮೇಜುಗಳಿಗೂ ಒಯ್ಯಿರೆಂದನಂತೆ, ಜನರು ಮೆಚ್ಚಿದರಂತೆ. ಇದು ಒಂದು ಐತಿಹ್ಯ. ರಿಯೊ ಗ್ರಾಂಡೆ ದೊ ಸುಲ್ ಪ್ರಾಂತದಲ್ಲಿ ಮಾಂಸ ಸುಡುವ ಬಾಣಸಿಗರ ತವರೆನಿಸಿದ ನೋವಾ ಬ್ರೆಸಿಯಾ ಎಂಬ ಚಿಕ್ಕ ಊರಿನ ಹೆಸರೂ ಈ ಕೀರ್ತಿಗೆ ಕೇಳಿಬರುವುದು. ಆ ಊರಿಗೆ ಇನ್ನೊಂದು ಪ್ರಖ್ಯಾತಿಯೂ ಉಂಟು—ಅಲ್ಲಿ ಸುಳ್ಳು ಹೇಳುವ ಸ್ಪರ್ಧೆಯ ಉತ್ಸವ ನಡೆಯುವುದು! ಆದುದರಿಂದ ತೀರ್ಪನ್ನು ವಾಚಕರಿಗೇ ಬಿಟ್ಟಿರುವೆವು. ದಕ್ಷಿಣದವರು ಇಂದಿಗೂ ಈ ಪದ್ಧತಿಗೆ ‘ಓಡುವ ಸಲಾಕಿ’ ಎಂಬರ್ಥದ ಹೆಸರನ್ನೇ ಬಳಸುವರು.

ಮಿತಿಯಿಲ್ಲದೆ ಬಡಿಸಿಯೂ ಅಂಗಡಿಯವನು ನಷ್ಟಪಡದಿರುವುದು ಹೇಗೆಂಬ ಸಂದೇಹ ಬರಬಹುದು. ಅದರಲ್ಲಿ ಒಂದು ಜಾಣ್ಮೆಯುಂಟು. ಮೇಜಿಗೆ ಮೊದಲು ಬರುವುದು ಮರಗೆಣಸಿನ ಹಿಟ್ಟಿನ ಗಿಣ್ಣುರೊಟ್ಟಿ, ಕರಿದ ಜೋಳದ ಹಿಟ್ಟಿನ ತುಂಡುಗಳು, ಕೊತ್ತಿದ ಮಾಂಸ ತುಂಬಿದ ಕೊಳವೆಗಳು, ಕೋಳಿಯ ಗುಂಡಿಗೆಗಳು—ಇವೆಲ್ಲ ಅಗ್ಗದವು, ಹೊಟ್ಟೆ ತುಂಬತಕ್ಕವು. ‘ಪಿಕಾನ್ಯಾ’ ಎಂಬ, ಹಿಂಭಾಗದ ಬೆಲೆಯುಳ್ಳ ಮಾಂಸವು ನಿಧಾನವಾಗಿ ಬರುವುದು. ಅನುಭವಿಗಳು ಮೊದಲಿನವನ್ನು ನಿರಾಕರಿಸಿ ಕಾಯುವರು. ಹೊಸಬರು ಅರ್ಧದಲ್ಲಿಯೇ ಸೋಲುವರು. ನಮ್ಮ ಸಂತರ್ಪಣೆಗಳಲ್ಲಿಯೂ ಚತುರರಾದ ಬಡಿಸುವವರು ಅನ್ನಸಾರುಗಳನ್ನು ಧಾರಾಳವಾಗಿ ಸುತ್ತಿಸಿ ಭಕ್ಷ್ಯವನ್ನು ತಡೆದು ತರುವುದು ಅಪರೂಪವಲ್ಲ.

ಹೀಗೆ ದಾರಿಯ ಬದಿಯಲ್ಲಿ ಹುಟ್ಟಿದ ಪದ್ಧತಿಯು ನಗರವನ್ನು ಹೊಕ್ಕಿತು. ೧೯೪೮ರಲ್ಲಿ ರಾಜಧಾನಿಯಾದ ಪೋರ್ಟೊ ಅಲೆಗ್ರೆಯಲ್ಲಿ ಕೆಲವು ತರುಣರು ಗೌಶೊ ಸಂಪ್ರದಾಯದ ರಕ್ಷಣೆಗೆ, ೧೮೩೫ರ ದಂಗೆಯ ನೆನಪಿಗಾಗಿ ‘೩೫’ ಎಂಬ ಹೆಸರಿನ ಸಂಘವನ್ನು ಕಟ್ಟಿದ್ದರು. ಹಳೆಯ ವೇಷಭೂಷಣಗಳಿಗೆ ಗೌರವ ಬಂದಿತ್ತು. ಭೋಜನಶಾಲೆಗಳ ಪರಿಚಾರಕರು ಆ ವೇಷವನ್ನೇ ತೊಟ್ಟರು. ಅದೇ ಪಟ್ಟಣದಲ್ಲಿ ೧೯೭೯ರಲ್ಲಿ ಆರಂಭವಾದ ‘ಫೋಗೊ ದೆ ಶಾಂವ್’ ಎಂಬ ಸಂಸ್ಥೆ—ಹೆಸರಿಗೆ ‘ನೆಲದ ಬೆಂಕಿ’ ಎಂದರ್ಥ—೧೯೯೭ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬಳಿ ಶಾಖೆಯನ್ನು ತೆರೆಯಿತು. ಅಂದಿನಿಂದ ಇಂಥ ಶಾಲೆಗಳು ಅನೇಕ ದೇಶಗಳಲ್ಲಿ ಹಬ್ಬಿವೆ. ೨೦೦೩ರಲ್ಲಿ ರಿಯೊ ಗ್ರಾಂಡೆ ದೊ ಸುಲ್ ಸರ್ಕಾರವು ಶುರಾಸ್ಕೊ ತಮ್ಮ ಪ್ರಾಂತದ ವಿಶಿಷ್ಟ ಭೋಜನವೆಂದೂ, ಮಾಟೆ ಕಷಾಯವು ಪ್ರಾಂತದ ಸಂಕೇತಪಾನವೆಂದೂ ಶಾಸನ ಮಾಡಿತು.

ಈ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಸಂಬಂಧವಿದೆ. ಆ ಭೋಜನಶಾಲೆಗಳಲ್ಲಿ ‘ಕುಪಿಂ’ ಎಂಬುದೊಂದು ಮಾಂಸವನ್ನು ಸುತ್ತಿಸುವರು. ಕುಪಿಂ ಎಂದರೆ ಗೆದ್ದಲು. ಹುತ್ತದಂತೆ ಉಬ್ಬಿರುವುದರಿಂದ ಆ ಹೆಸರು. ಅದು ಎತ್ತಿನ ಹಿಣಿಲು, ಸಂಸ್ಕೃತದ ಕಕುದ. ಯೂರೋಪಿನಿಂದ ಹೋದ ದನಗಳಿಗೆ ಹಿಣಿಲಿಲ್ಲ. ನಮ್ಮ ಅಮೃತಮಹಲ್, ಹಳ್ಳಿಕಾರ್ ತಳಿಗಳನ್ನು ಕಂಡವರಿಗೆ ಹಿಣಿಲು ಯಾವ ದೇಶದ ಲಕ್ಷಣವೆಂದು ಹೇಳಬೇಕಾದುದಿಲ್ಲ. ೧೮೬೮ರಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗೊಂದು ಬ್ರೆಜಿಲಿನ ಬಾಯಿಯಾ ರೇವಿನಲ್ಲಿ ತಂಗಿದಾಗ ಅದರಲ್ಲಿದ್ದ ಒಂಗೋಲು ತಳಿಯ ಒಂದು ಜೋಡಿ ಅಲ್ಲಿಯೇ ಮಾರಾಟವಾಯಿತೆಂದು ಹೇಳುವರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮಿನಾಸ್ ಜೆರಾಯಿಸ್ ಪ್ರಾಂತದ ಉಬೆರಾಬಾ ಕಡೆಯ ದನಗಾರರು ತಾವೇ ಹಿಂದೂದೇಶಕ್ಕೆ ಬಂದು, ಆಂಧ್ರದೇಶದ ಒಂಗೋಲು, ಘೂರ್ಜರದೇಶದ ಗಿರ್, ಕಾಂಕ್ರೇಜ್ ತಳಿಗಳನ್ನು ಕೊಂಡೊಯ್ದರು. ೧೯೬೨ರಲ್ಲಿ ಕಡೆಯ ದೊಡ್ಡ ತಂಡ ಹೋಯಿತು. ಉರಿಬಿಸಿಲನ್ನೂ ಉಣ್ಣೆಹುಳುವಿನ ಬಾಧೆಯನ್ನೂ ತಡೆಯುವ ಶಕ್ತಿ ಇವಕ್ಕಿದ್ದುದರಿಂದ, ಯೂರೋಪಿನ ದನಗಳು ಬಾಳಲಾರದ ಬ್ರೆಜಿಲಿನ ಉಷ್ಣಪ್ರದೇಶಗಳಲ್ಲೆಲ್ಲ ಅವು ಹರಡಿದವು. ನಮ್ಮ ನೆಲ್ಲೂರಿನ ಹೆಸರಿನಿಂದ ‘ನೆಲೋರೆ’ ಎಂದು ಕರೆಯಲ್ಪಡುವ ಈ ಬಿಳಿಯ ದನವೇ ಇಂದು ಆ ದೇಶದ ಮಾಂಸವ್ಯಾಪಾರದ ಆಧಾರಸ್ತಂಭ. ಇಲ್ಲಿ ನೇಗಿಲೆಳೆಯಲೆಂದು ಸಾಕಿ, ಹಬ್ಬದಲ್ಲಿ ಅರಿಸಿನ ಹಚ್ಚಿ ಪೂಜಿಸುವ ಕುಲದ ಎತ್ತು, ಅಲ್ಲಿ ಸಲಾಕಿಗೆ ಏರಿದೆ. ಇದನ್ನು ತಿಳಿದಾಗ ನಮಗೆ ಕಸಿವಿಸಿಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಮಾರಿದವರು ನಮ್ಮವರೇ. ಕೊಂಡವರನ್ನು ಮಾತ್ರ ದೂರುವುದು ನ್ಯಾಯವಲ್ಲ.

೨೦೨೨ರ ಗಣತಿಯಂತೆ ಬ್ರೆಜಿಲಿನ ಜನಸಂಖ್ಯೆ ಸುಮಾರು ೨೦ ಕೋಟಿ ೩೦ ಲಕ್ಷ; ಅದೇ ವರ್ಷದ ಲೆಕ್ಕದಲ್ಲಿ ದನಗಳ ಸಂಖ್ಯೆ ೨೩ ಕೋಟಿಗೂ ಮಿಕ್ಕಿತ್ತು. ಈ ಮಂದೆಗಳಿಗೆ ಹುಲ್ಲು ಬೇಕು. ಹುಲ್ಲಿಗೆ ನೆಲ ಬೇಕು. ಅಮೆಜಾನ್ ಮಹಾರಣ್ಯದಲ್ಲಿ ಕಡಿದ ನೆಲದ ಬಹುಭಾಗವು ಗೋಮಾಳವಾಗಿರುವುದು. ಹೀಗೆ, ಮೊದಲು ಕಾಡುದನಗಳೂ, ಅನಂತರ ಗುಲಾಮರೂ ತೆತ್ತ ಬೆಲೆಯನ್ನು ಈಗ ಅರಣ್ಯವು ತೆರುತ್ತಿರುವುದು. ‘ಒಂದೇ ಕ್ರಯ, ಬೇಕಾದಷ್ಟು’ ಎಂಬ ಫಲಕದಲ್ಲಿ ಬರೆದಿರುವುದು ಉಣ್ಣುವವನ ಲೆಕ್ಕ ಮಾತ್ರ.

ಇಷ್ಟನ್ನು ಬರೆದ ಮೇಲೆ ಮೊದಲು ಹೇಳದೆ ಉಳಿಸಿದುದನ್ನು ಹೇಳಬೇಕು. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ವರ್ಷಕ್ಕೊಮ್ಮೆ ಆರಾಧನೆಯ ಸಂತರ್ಪಣೆ ನಡೆಯುತ್ತಿತ್ತು. ಹುಡುಗರಾದ ನಾವು ಲಡ್ಡುಗಳನ್ನು ಪಂದ್ಯ ಕಟ್ಟಿ ತಿನ್ನುತ್ತಿದ್ದೆವು. ಎಲೆಯ ಮೇಲೆ ಕೈಯಡ್ಡ ಮಾಡಿದವನು ಸೋತಂತೆ. ಹಿತ್ತಿಲ ಬಾಗಿಲಿನ ಹೊರಗೆ ನಮ್ಮ ವಯಸ್ಸಿನವನೇ ಒಬ್ಬ ಹುಡುಗನು, ಎಂಜಲೆಲೆಗಳು ಬೀಳುವುದನ್ನು ಕಾಯುತ್ತ, ಕುಕ್ಕೆ ಹಿಡಿದು ನಿಂತಿರುತ್ತಿದ್ದನು. ನಾವು ಸೊಕ್ಕಿನಿಂದ ಎಲೆಯಲ್ಲಿ ಬಿಟ್ಟ ಲಡ್ಡುಗಳನ್ನು ಅವನು ಆರಿಸಿಕೊಳ್ಳುತ್ತಿದ್ದನು. ಐದು ವರ್ಷ ಅವನನ್ನು ಕಂಡೆವು. ಒಮ್ಮೆಯೂ ಹೆಸರು ಕೇಳಲಿಲ್ಲ. ಆ ವಯಸ್ಸಿನಲ್ಲಿ ನಮಗೆ ಅಮರಕೋಶವು ಕಂಠಪಾಠವಾಗಿದ್ದಿತು. ಲ್ಯಾಟಿನ್ ಬಲ್ಲ ಯಜಮಾನನ ಮನೆಯ ಮೂಲೆಯಲ್ಲಿ ನಿಂತ ಬಾಲಕನ ಕಥೆಯನ್ನೋದಿ ನಾವೇಕೆ ಪುಸ್ತಕ ಮುಚ್ಚಿದೆವೆಂಬುದು ವಾಚಕರಿಗೆ ಈಗ ತಿಳಿದಿರಬಹುದು. ದೂರದೇಶದ ಚರಿತ್ರೆಯನ್ನು ಶೋಧಿಸ ಹೊರಟವನಿಗೆ ಅದು ಹಿತ್ತಿಲ ಬಾಗಿಲನ್ನೇ ತೋರಿಸಿತು.

ಸಂಸ್ಕೃತದಲ್ಲಿ ‘ಅಲಮ್’ ಎಂಬ ಅವ್ಯಯವುಂಟು. ‘ಸಾಕು’ ಎಂದು ನಿವಾರಿಸುವುದಕ್ಕೂ ಅದೇ ಪದ. ‘ಸಮರ್ಥ’, ‘ಪೂರ್ಣ’ ಎಂಬರ್ಥಗಳಲ್ಲಿಯೂ ಅದೇ ಪದ. ಸಾಕೆನ್ನಬಲ್ಲವನೇ ಪೂರ್ಣನೆಂದು ವಿದ್ಯಾರ್ಥಿಗಳಿಗೆ ವ್ಯಾಕರಣದ ನೆಪದಲ್ಲಿ ಅನೇಕ ವರ್ಷ ಹೇಳಿಕೊಟ್ಟೆವು. ಅದು ಅರ್ಧಪಾಠವೆಂದು ಈಗ ತೋರುವುದು. ಬಿಲ್ಲೆಯನ್ನು ತಿರುಗಿಸುವ ಅಧಿಕಾರವೇ ಇಲ್ಲದವರು ಶಾಲೆಯ ಹೊರಗೆ ಯಾವಾಗಲೂ ಇರುವರು. ಅವರಿಗೆ ‘ಸಾಕು’ ಎನ್ನುವ ದಿನ ಬರುವಂತೆ ಮಾಡುವುದು ಉಳಿದರ್ಧ.

ಆ ದಿನ ಟೆಕ್ಸಾಸಿನಲ್ಲಿ ಊಟ ಮುಗಿದು ಏಳುವಾಗ, ನಮ್ಮ ಬಿಲ್ಲೆಯು ಮೊದಲಿನಿಂದ ಕಡೆಯವರೆಗೆ ಕೆಂಪಾಗಿಯೇ ಇದ್ದುದನ್ನು ಕಂಡು ಪರಿಚಾರಕನೊಬ್ಬನು ನಕ್ಕು, ಬರಿಗೈಯಲ್ಲಿ ಬಂದು, ಏನಾದರೂ ಬೇಕಿತ್ತೇ ಎಂದು ವಿನಯದಿಂದ ವಿಚಾರಿಸಿದನು. ನಾವು ಮಗನ ಮೂಲಕ ಅವನ ಊಟವಾಯಿತೇ ಎಂದು ಕೇಳಿಸಿದೆವು. ಅವನು ಆಶ್ಚರ್ಯಪಟ್ಟು, ಇನ್ನೂ ಇಲ್ಲ, ಎಲ್ಲರೂ ಹೋದ ಮೇಲೆ, ಎಂದನು.